ಚಾಕೊಲೇಟ್ ಕುಡಿಯುವ ವಸ್ತುವಾಗಿದ್ದಾಗ

ಚಾಕೊಲೇಟನ್ನು ಜಗಿದು ತಿನ್ನುವ ರೂಢಿಗೆ ಇನ್ನೂ 200 ವರ್ಷ ತುಂಬಿಲ್ಲ. ಅದಕ್ಕೂ ಮೊದಲು ಸಾವಿರಾರು ವರ್ಷ ಅದು ಕುಡಿಯುವ ವಸ್ತುವಾಗಿತ್ತು. ಬರಿಯ ಬಾಯಾರಿಕೆಗೆ ಕುಡಿಯುತ್ತಿದ್ದದ್ದೂ ಅಲ್ಲ, ಬಹಳ ಕಡೆ ಅದು ಹಸಿವು ನೀಗುವ ಗಂಜಿಯೇ ಆಗಿತ್ತು. ಕೊಕ್ಕೋ ಬೀಜದೊಳಗೆ ಏನನ್ನು ಉಳಿಸಿಕೊಳ್ಳಬೇಕು, ಏನನ್ನು ತೆಗೆಯಬೇಕು, ಅದರ ಜೊತೆ ಏನನ್ನು ಬೆರೆಸಬೇಕು ಎಂಬ ಮೂರು ಪ್ರಶ್ನೆಗಳ ಸುತ್ತಲೇ ಈ ಪಾನೀಯದ ಚರಿತ್ರೆ ಸುತ್ತುತ್ತದೆ.

ಕೊಕ್ಕೋ ಮರದ ತವರು ದಕ್ಷಿಣ ಅಮೆರಿಕದ ಅಮೆಜಾನ್ ಕಾಡು. ಈಕ್ವೆಡಾರಿನ ಸಾಂತಾ ಆನಾ ಲಾ ಫ್ಲೋರಿಡಾ ಎಂಬಲ್ಲಿ ಅಗೆದಾಗ ಸಿಕ್ಕ ಪಾತ್ರೆಗಳಲ್ಲಿ ಅಂಟಿಕೊಂಡಿದ್ದ ಕೊಕ್ಕೋ ಕುರುಹುಗಳು ಸುಮಾರು 5,300 ವರ್ಷ ಹಳೆಯವು. ಆದರೆ ಇದನ್ನೊಂದು ಕುಡಿಯುವ ಕಲೆಯಾಗಿ ಬೆಳೆಸಿದವರಲ್ಲಿ ಮಧ್ಯ ಅಮೆರಿಕದ ಮಾಯಾ ಜನ ಮುಖ್ಯರು. ಗ್ವಾಟೆಮಾಲಾದ ರಿಯೊ ಅಸುಲ್‌ನಲ್ಲಿ ಐದನೆಯ ಶತಮಾನದ ಒಂದು ಗೋರಿಯಿಂದ ತಿರುಗಿಸಿ ಬಿಗಿಯುವ ಮುಚ್ಚಳದ ಮಡಕೆಯೊಂದು ಹೊರಬಂತು. ಅದರ ಮೈಮೇಲೆ ‘ಕಕಾವ್’ ಎಂದು ಮಾಯಾ ಲಿಪಿಯಲ್ಲಿ ಬರೆದಿತ್ತು. ತಳದಲ್ಲಿ ಅಂಟಿದ್ದ ಪುಡಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಥಿಯೊಬ್ರೋಮಿನ್, ಕೆಫೀನ್ ಎರಡೂ ಸಿಕ್ಕವು. ಡಬ್ಬಿಯ ಮೇಲಿನ ಹೆಸರಿಗೂ ಒಳಗಿನ ಸರಕಿಗೂ ತಾಳೆಯಾಯಿತು. ಇದು ಯಾವ ಕಾಲದಲ್ಲೂ ಸಲೀಸಾಗಿ ನಡೆಯುವ ಮಾತಲ್ಲವೆಂದು ಮುಂದಿನ ಕಥೆ ತೋರಿಸುತ್ತದೆ.

ಮಾಡುವ ಕ್ರಮ ಮೂಲದಲ್ಲಿ ಸರಳ. ಕಾಯಿ ಒಡೆದು, ಬಿಳಿ ಲೋಳೆಯ ಸಮೇತ ಬೀಜಗಳನ್ನು ಕೆಲವು ದಿನ ಹುದುಗಿಸುತ್ತಿದ್ದರು. ಹುದುಗದ ಬೀಜಕ್ಕೆ ಚಾಕೊಲೇಟಿನ ಘಮ ಬರುವುದಿಲ್ಲ. ಆಮೇಲೆ ಬಿಸಿಲಿಗೆ ಒಣಗಿಸಿ, ಹುರಿದು, ಸಿಪ್ಪೆ ಬಿಡಿಸಿ, ಕೇರಿ, ಇಳಿಜಾರಾದ ಮೂರು ಕಾಲಿನ ಅರೆಯುವ ಕಲ್ಲಿನ ಮುಂದೆ ಹೆಂಗಸರು ಮಂಡಿಯೂರಿ ಕೂತು ಅರೆಯುತ್ತಿದ್ದರು. ಕೊಕ್ಕೋ ಬೀಜದ ಅರ್ಧದಷ್ಟು ತೂಕ ಬರಿಯ ಕೊಬ್ಬು, ಅದು ಮೈಶಾಖಕ್ಕಿಂತ ಸ್ವಲ್ಪ ಕಡಿಮೆ ಬಿಸಿಯಲ್ಲೇ ಕರಗುತ್ತದೆ. ಹಾಗಾಗಿ ಅರೆದದ್ದು ಪುಡಿಯಾಗುವುದಿಲ್ಲ, ಬೆಣ್ಣೆಯಂತೆ ಹೊಳೆಯುವ ಮುದ್ದೆಯಾಗುತ್ತದೆ. ಇದನ್ನು ಬೇಯಿಸಿದ ಮೆಕ್ಕೆಜೋಳದ ಹಿಟ್ಟಿನೊಂದಿಗೆ ನೀರಿನಲ್ಲಿ ಕದಡಿದರೆ ದುಡಿಯುವವರ ಹೊಟ್ಟೆಗೆ ಸಾಲುವ ಅಂಬಲಿ. ಹಿಟ್ಟಿಲ್ಲದೆ ಮೆಣಸಿನಕಾಯಿ, ವೆನಿಲ್ಲಾ, ಪರಿಮಳದ ಹೂಗಳನ್ನು ಸೇರಿಸಿದರೆ ದೊರೆಗಳ ಪಾನೀಯ. ಎರಡಕ್ಕೂ ಸಕ್ಕರೆಯ ಸೋಂಕಿರಲಿಲ್ಲ. ಎಲ್ಲರೂ ಬಯಸುತ್ತಿದ್ದದ್ದು ನೊರೆಯನ್ನು. ಎತ್ತರದಲ್ಲಿ ಹಿಡಿದ ಪಾತ್ರೆಯಿಂದ ನೆಲದ ಮೇಲಿನ ಪಾತ್ರೆಗೆ ಧಾರೆಯಾಗಿ ಸುರಿಯುತ್ತಿರುವ ಹೆಂಗಸಿನ ಚಿತ್ರ ಮಾಯಾ ಹೂದಾನಿಯೊಂದರ ಮೇಲಿದೆ. ನಮ್ಮ ಹೋಟೆಲುಗಳಲ್ಲಿ ಕಾಫಿಯನ್ನು ಎತ್ತಿ ಹೊಯ್ಯುವವರನ್ನು ಕಂಡವರಿಗೆ ಆ ಚಿತ್ರಕ್ಕೆ ವಿವರಣೆ ಬೇಡ.

ಅಜ್ಟೆಕರ ಕಾಲಕ್ಕೆ ಈ ಬೀಜವೇ ನಾಣ್ಯ. ಸ್ಪೇನಿನವರು ಬಂದ ಮೇಲೂ ಅದು ಚಲಾವಣೆಯಲ್ಲಿತ್ತು. ತ್ಲಾಸ್ಕಲಾದ 1545ರ ಬೆಲೆಪಟ್ಟಿಯಲ್ಲಿ ಒಳ್ಳೆಯ ಹೆಣ್ಣು ಟರ್ಕಿ ಕೋಳಿಗೆ 100 ಬೀಜ, ಅದರ ಮೊಟ್ಟೆಗೆ 3, ಆಗತಾನೇ ಕಿತ್ತ ಬೆಣ್ಣೆಹಣ್ಣಿಗೆ 3, ದೊಡ್ಡ ಟೊಮೆಟೊಗೆ 1 ಎಂದಿದೆ. ಅಂದರೆ ಒಂದು ಬಟ್ಟಲು ಚಾಕೊಲೇಟ್ ಕುಡಿದವನು ಕೈಯಲ್ಲಿದ್ದ ರೊಕ್ಕವನ್ನೇ ಅರೆದು ಕುಡಿದಂತೆ. ಎಲ್ಲಿ ರೊಕ್ಕವೋ ಅಲ್ಲಿ ಖೋಟಾ. ಬೀಜದ ಸಿಪ್ಪೆಯೊಳಗೆ ದಂಟಿನ ಬೀಜದ ಹಿಟ್ಟು, ಮೇಣ, ಬೆಣ್ಣೆಹಣ್ಣಿನ ಗೊರಟೆಯ ಚೂರು ತುಂಬಿ ಮಾರುವವರಿದ್ದರೆಂದು ಸನ್ಯಾಸಿ ಬರ್ನಾರ್ಡಿನೊ ದೆ ಸಹಗೂನ್ ಸಂಗ್ರಹಿಸಿದ ದಾಖಲೆಗಳು ಹೇಳುತ್ತವೆ.

ಯುರೋಪಿಗೆ ಇದು ಮೊದಲು ರುಚಿಸಲಿಲ್ಲ. ಇದು ಹಂದಿಗಳಿಗೆ ತಕ್ಕ ಪಾನ ಎಂದು ಇಟಲಿಯ ಗಿರೋಲಾಮೊ ಬೆಂಜೋನಿ ಜರೆದ. ಕುಡಿಯಲು ದ್ರಾಕ್ಷಾರಸ ಸಿಗದೆ ಹೋದಾಗ ಅವನೂ ಅದನ್ನೇ ಕುಡಿಯಬೇಕಾಯಿತು. 1544ರಲ್ಲಿ ಡೊಮಿನಿಕನ್ ಸನ್ಯಾಸಿಗಳು ಕೆಕ್ಚಿ ಮಾಯಾ ಮುಖಂಡರನ್ನು ಸ್ಪೇನಿನ ಯುವರಾಜ ಫಿಲಿಪನ ಬಳಿ ಕರೆದೊಯ್ದಾಗ ಕಾಣಿಕೆಗಳ ನಡುವೆ ಕಡೆದ ಚಾಕೊಲೇಟಿನ ಪಾತ್ರೆಗಳೂ ಇದ್ದವು. ಬೀಜ ವ್ಯಾಪಾರದ ಸರಕಾಗಿ ವೆರಾಕ್ರೂಜ್‌ನಿಂದ ಸೆವಿಲ್ಲಾಕ್ಕೆ ಹೋದದ್ದು 1585ರಲ್ಲಿ. ಅಷ್ಟರಲ್ಲಿ ಮೆಕ್ಸಿಕೊದಲ್ಲಿ ನೆಲೆಸಿದ್ದ ಸ್ಪೇನಿನ ಸಂಸಾರಗಳು ಅದರ ರೂಪ ಬದಲಿಸಿದ್ದವು: ಬಿಸಿಯಾಗಿ ಕುಡಿಯುವುದು, ಸಕ್ಕರೆ ಬೆರೆಸುವುದು, ದಾಲ್ಚಿನ್ನಿ ಹಾಕುವುದು. ಎತ್ತಿ ಸುರಿಯುವ ಬದಲು ಮರದ ಕಡಗೋಲನ್ನು ಎರಡು ಅಂಗೈಗಳ ನಡುವೆ ತಿರುವಿ ನೊರೆ ಎಬ್ಬಿಸತೊಡಗಿದರು. ಇದಕ್ಕೆ ಮೊಲಿನಿಯೊ ಎಂದು ಹೆಸರು. 1631ರಲ್ಲಿ ವೈದ್ಯ ಅಂತೋನಿಯೊ ಕೊಲ್ಮೆನೆರೊ ದೆ ಲೆದೆಸ್ಮಾ ಪ್ರಕಟಿಸಿದ ಪಾಕಕ್ರಮದಲ್ಲಿ 100 ಕೊಕ್ಕೋ ಬೀಜಕ್ಕೆ ಎರಡು ಮೆಣಸಿನಕಾಯಿ, ಸೋಂಪು, ವೆನಿಲ್ಲಾ, ದಾಲ್ಚಿನ್ನಿ, ಬಾದಾಮಿ, ಹೇಜಲ್ ಬೀಜ ಮತ್ತು ಅರ್ಧ ಪೌಂಡ್ ಸಕ್ಕರೆ ಬೀಳುತ್ತವೆ. ಬಾದಾಮಿ ಹಾಕಿದ ‘ಪುಷ್ಟಿಕರ’ ಚಾಕೊಲೇಟಿನ ಬೇರು ಇಷ್ಟು ಹಿಂದಿನದು.

ಇದು ಪಾನೀಯವೋ ಆಹಾರವೋ? ಕ್ರೈಸ್ತ ಧರ್ಮಶಾಸ್ತ್ರಜ್ಞರಿಗೆ ಈ ಪ್ರಶ್ನೆ ಹಾಸ್ಯದ್ದಾಗಿರಲಿಲ್ಲ. ಪಾನೀಯವಾದರೆ ಉಪವಾಸದ ದಿನವೂ ಕುಡಿಯಬಹುದು, ಆಹಾರವಾದರೆ ವ್ರತಭಂಗ. 1636ರಲ್ಲಿ ಅಂತೋನಿಯೊ ದೆ ಲಿಯೋನ್ ಪಿನೆಲೊ ಈ ಒಂದೇ ಪ್ರಶ್ನೆಯ ಮೇಲೆ ಪುಸ್ತಕ ಬರೆದ. 1664ರಲ್ಲಿ ಕಾರ್ಡಿನಲ್ ಬ್ರಾಂಕಾಚ್ಚೊ, ದ್ರವದಿಂದ ಉಪವಾಸ ಮುರಿಯುವುದಿಲ್ಲವೆಂದು ವಾದಿಸಿದ. ಉಪವಾಸದ ದಿನ ಅವಲಕ್ಕಿ ನಡೆಯುತ್ತದೆ, ಅನ್ನ ನಡೆಯುವುದಿಲ್ಲ ಎಂದು ಲೆಕ್ಕ ಹಾಕುವ ನಾಡಿನವರಿಗೆ ಈ ಜಿಜ್ಞಾಸೆ ಹೊಸದೆನಿಸದು. 1753ರಲ್ಲಿ ಮರಕ್ಕೆ ಶಾಸ್ತ್ರೀಯ ಹೆಸರಿಟ್ಟ ಲಿನ್ನೇಯಸ್ ಮಾತ್ರ ಎರಡನೆಯ ಪಕ್ಷ ಹಿಡಿದಂತಿದೆ. ಅವನು ಕೊಟ್ಟ ‘ಥಿಯೊಬ್ರೋಮ’ ಎಂಬ ಗ್ರೀಕ್ ಮೂಲದ ಹೆಸರಿಗೆ ದೇವರ ಆಹಾರ ಎಂಬ ಅರ್ಥ.

ಲಂಡನ್ನಿನಲ್ಲಿ 1657ರ ಹೊತ್ತಿಗೆ ಚಾಕೊಲೇಟ್ ಮಾರುವ ಅಂಗಡಿ ತೆರೆದಿತ್ತು. ಅಲ್ಲಿಯ ಜನ ನೀರಿನ ಬದಲು ಹಾಲನ್ನೂ ಬಳಸಿದರು. 1687ರಲ್ಲಿ ಜಮೈಕಾಕ್ಕೆ ಹೋಗಿದ್ದ ವೈದ್ಯ ಹ್ಯಾನ್ಸ್ ಸ್ಲೋನನ ಹೆಸರಿನಲ್ಲಿ ಹಾಲಿನ ಚಾಕೊಲೇಟು ಔಷಧವೆಂದು ಮುಂದೆ ಮಾರಾಟವಾಯಿತು. ಈ ಬೆಳೆಯ ಹಿಂದೆ ವೆಸ್ಟ್ ಇಂಡೀಸ್, ಬ್ರೆಜಿಲ್‌ಗಳ ತೋಟಗಳಲ್ಲಿ ಗುಲಾಮರ ದುಡಿಮೆಯಿತ್ತು. ಅದಕ್ಕೆ ಬೆರೆಸಿದ ಸಕ್ಕರೆಯ ಹಿಂದೆಯೂ ಅದೇ.

ಅಷ್ಟಾದರೂ ಒಂದು ತೊಡಕು ಉಳಿದೇ ಇತ್ತು. ಇಡೀ ಬೀಜದ ಮುದ್ದೆಯನ್ನು ಬಿಸಿನೀರಿಗೆ ಹಾಕಿದರೆ ಎಣ್ಣೆ ಮೇಲೆ ತೇಲುತ್ತದೆ. ನೊರೆಯ ಹಂಬಲದ ಹಿಂದೆ ಈ ಕಾರಣವೂ ಇದ್ದೀತು, ಏಕೆಂದರೆ ಕಡೆದಷ್ಟೂ ಕೊಬ್ಬು ಸಣ್ಣ ಹನಿಗಳಾಗಿ ಬೆರೆಯುತ್ತದೆ. ಇಂಗ್ಲೆಂಡಿನ ತಯಾರಕರು ಬೇರೆ ದಾರಿ ಹಿಡಿದರು. ಎಣ್ಣೆಯನ್ನು ಹೀರಲೆಂದು ಕೂವೆ ಹಿಟ್ಟು, ಸಾಬೂದಾಣಿ, ಆಲೂಗಡ್ಡೆ ಹಿಟ್ಟು ಬೆರೆಸಿದರು. ಹಿಟ್ಟು ಬೆರೆಸುವ ಕೈ ಅಲ್ಲಿಗೇ ನಿಲ್ಲಬೇಕಲ್ಲ. ಬಣ್ಣ ತೆಳುವಾಯಿತೆಂದು ಇಟ್ಟಿಗೆಯ ಪುಡಿಯೂ ಬಿತ್ತು. 1850ರ ದಶಕದಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆ ಮಾರುಕಟ್ಟೆಯ ತಿನಿಸುಗಳ ಪರೀಕ್ಷೆಯ ವರದಿಗಳನ್ನು ಪ್ರಕಟಿಸತೊಡಗಿದಾಗ ಈ ಗುಟ್ಟೂ ಬಯಲಾಯಿತು. ಕಲಬೆರಕೆಯ ವಿರುದ್ಧ ಬ್ರಿಟನ್ನಿನ ಮೊದಲ ಸಾಮಾನ್ಯ ಕಾನೂನು ಬಂದದ್ದು 1860ರಲ್ಲಿ.

ತೊಡಕನ್ನು ಯಂತ್ರದಿಂದ ಬಿಡಿಸಿದ್ದು ಆಮ್‌ಸ್ಟರ್‌ಡ್ಯಾಮಿನ ವಾನ್ ಹೌಟೆನ್ ಮನೆತನ. ಗಾಣದಂತೆ ಒತ್ತಿ ಕೊಬ್ಬನ್ನು ಅರ್ಧಕ್ಕೆ ಇಳಿಸುವ ಯಂತ್ರಕ್ಕೆ 1828ರಲ್ಲಿ ಪೇಟೆಂಟ್ ಸಿಕ್ಕಿತು. ಉಳಿದ ಹಿಂಡಿಯನ್ನು ಪುಡಿ ಮಾಡಿದರೆ ಕೊಕ್ಕೋ ಪುಡಿ. ಕ್ಷಾರದ ಉಪ್ಪಿನಿಂದ ಸಂಸ್ಕರಿಸಿದಾಗ ಅದರ ಹುಳಿ ತಗ್ಗಿ, ಬಣ್ಣ ಗಾಢವಾಗಿ, ದ್ರವದಲ್ಲಿ ಸುಲಭವಾಗಿ ಕದಡಿತು. ಪರಿಣಾಮ ವಿಚಿತ್ರ. ತೆಗೆದ ಕೊಬ್ಬಿಗೆ ಹೊಸ ಬೇಡಿಕೆ ಹುಟ್ಟಿತು: ಅದನ್ನು ಸಕ್ಕರೆ ಮತ್ತು ಕೊಕ್ಕೋ ಜೊತೆ ಬೆರೆಸಿ ಅಚ್ಚಿಗೆ ಹುಯ್ದು ಬ್ರಿಸ್ಟಲಿನ ಫ್ರೈ ಕಂಪನಿ 1847ರಲ್ಲಿ ತಿನ್ನುವ ಚಾಕೊಲೇಟ್ ಮಾಡಿತು. ಸಾವಿರಾರು ವರ್ಷ ಮುಖ್ಯವಾಗಿದ್ದ ಪಾನೀಯಕ್ಕೆ ಈಗ ಹಿಂಡಿ ಉಳಿಯಿತು, ಬೆಣ್ಣೆ ತಿಂಡಿಯ ಪಾಲಾಯಿತು. ಕ್ಯಾಡ್‌ಬರಿ ಕಂಪನಿ 1866ರಲ್ಲಿ ಹಿಟ್ಟು ಬೆರೆಸದ ಕೊಕ್ಕೋ ಪುಡಿಯನ್ನು ಮಾರುಕಟ್ಟೆಗೆ ತಂದು ಶುದ್ಧತೆಯನ್ನೇ ಜಾಹೀರಾತು ಮಾಡಿಕೊಂಡಿತು. ಫ್ರೈ, ಕ್ಯಾಡ್‌ಬರಿ, ರೌಂಟ್ರಿ ಮೂರೂ ಕ್ವೇಕರ್ ಪಂಥದ ಮನೆತನಗಳು. ಅವರ ಕಣ್ಣಿಗೆ ಕೊಕ್ಕೋ ಮದ್ಯದ ಬದಲಿಗೆ ಕೂಲಿಯವನ ಕೈಗಿಡಬಹುದಾದ ಪಾನೀಯ.

ಭಾರತಕ್ಕೆ ಕೊಕ್ಕೋ ಗಿಡ 1798ರಲ್ಲಿ ತಿರುನೆಲ್ವೇಲಿಯ ಕುರ್ತಾಲಕ್ಕೆ ಬಂತು, ಆದರೆ ಬೆಳೆಯಾಗಲಿಲ್ಲ. ಕೇರಳ, ಕರ್ನಾಟಕಗಳಲ್ಲಿ ಅದು ಕಾಲೂರಿದ್ದು 1960 ಮತ್ತು 70ರ ದಶಕಗಳಲ್ಲಿ. ನೆರಳು ಬೇಡುವ ಈ ಗಿಡಕ್ಕೆ ದಕ್ಷಿಣ ಕನ್ನಡದ ಅಡಿಕೆ ತೋಟ ಹೇಳಿ ಮಾಡಿಸಿದ ಜಾಗ. ಕಾಂಡಕ್ಕೇ ಅಂಟಿಕೊಂಡು ಜೋತುಬೀಳುವ ಕಾಯಿ, ಒಳಗೆ ಮೂವತ್ತು ನಲವತ್ತು ಬೀಜ, ಸುತ್ತ ಸಿಹಿಹುಳಿಯ ಲೋಳೆ. ಅದು ಹಣ್ಣಾದದ್ದು ರೈತನಿಗಿಂತ ಮೊದಲು ಅಳಿಲಿಗೆ, ಕೋತಿಗೆ ತಿಳಿಯುತ್ತದೆ. 1980ರ ಹೊತ್ತಿಗೆ ಕೊಳ್ಳುವವರು ಹಿಂದೆ ಸರಿದು ಬೆಲೆ ಕುಸಿದಾಗ, 1973ರಲ್ಲಿ ಅಡಿಕೆ ಬೆಳೆಗಾರರು ಮಂಗಳೂರಿನಲ್ಲಿ ಕಟ್ಟಿದ್ದ ಕ್ಯಾಂಪ್ಕೊ ಸಹಕಾರ ಸಂಸ್ಥೆ ಕೊಕ್ಕೋ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಅದರ ಚಾಕೊಲೇಟ್ ಕಾರ್ಖಾನೆ ಆರಂಭವಾಯಿತು. ಬೆಳೆ ಬಂದರೂ ಕುಡಿಯುವ ರೂಢಿ ಬರಲಿಲ್ಲ, ಏಕೆಂದರೆ ಕಾಫಿ ಆ ಜಾಗವನ್ನು ಮೊದಲೇ ಹಿಡಿದಿತ್ತು. ಕನ್ನಡದ ಮನೆಗಳಿಗೆ ಕೊಕ್ಕೋ ಬಂದದ್ದು ಮಕ್ಕಳ ಹಾಲಿಗೆ ಬೆರೆಸುವ ಡಬ್ಬಿಯ ಪುಡಿಯಾಗಿ. ಇಂಥ ಪುಡಿಗಳನ್ನು ಆನ್‌ಲೈನ್ ಅಂಗಡಿಗಳು ‘ಆರೋಗ್ಯ ಪೇಯ’ವೆಂಬ ವಿಭಾಗದಲ್ಲಿ ಮಾರಕೂಡದೆಂದು ಕೇಂದ್ರ ವಾಣಿಜ್ಯ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ಸೂಚಿಸಿತು.

ಬರಿಯ ಕೊಕ್ಕೋ ಪುಡಿಯಿಂದ ಮನೆಯಲ್ಲೇ ಮಾಡುವಾಗ ವಾನ್ ಹೌಟೆನ್ ಯಂತ್ರದ ನಂತರದ ಕ್ರಮ ಸಾಕು. ಒಂದು ಲೋಟ ಹಾಲಿಗೆ ಎರಡು ಚಮಚ ಪುಡಿ. ಅದನ್ನು ನೇರ ಹಾಲಿಗೆ ಸುರಿದರೆ ಗಂಟುಕಟ್ಟುತ್ತದೆ, ಮೊದಲು ಸ್ವಲ್ಪ ಬಿಸಿನೀರಿನಲ್ಲಿ ಕಲಸಿಕೊಳ್ಳಬೇಕು. ಪುಡಿಯಲ್ಲಿರುವ ಪಿಷ್ಟ ಬೇಯಲು ಒಂದೆರಡು ನಿಮಿಷ ಕುದಿಯಬೇಕು. ಬೆಲ್ಲ ಹಾಕುವುದಾದರೆ ಬೇರೆಯಾಗಿ ಕರಗಿಸಿ, ಶೋಧಿಸಿ, ಪಾತ್ರೆಯನ್ನು ಒಲೆಯಿಂದ ಇಳಿಸಿದ ಮೇಲೆ ಬೆರೆಸುವುದು ಲೇಸು, ಇಲ್ಲವಾದರೆ ಹಾಲು ಒಡೆದೀತು. ತೋಟದ ಬೀಜವನ್ನೇ ಹುದುಗಿಸಿ, ಒಣಗಿಸಿ, ಬಾಣಲೆಯಲ್ಲಿ ಹುರಿದು, ಮೊರದಲ್ಲಿ ಕೇರಿ, ಮಿಕ್ಸಿಯಲ್ಲಿ ಅರೆದವರಿಗೆ ಸಿಗುವುದು ಪುಡಿಯಲ್ಲ, ಹಳೆಯ ಮುದ್ದೆಯೇ. ಅದರ ಕೊಬ್ಬೆಲ್ಲ ಒಳಗೇ ಇರುವುದರಿಂದ ಲೋಟದ ಮೇಲೆ ಎಣ್ಣೆಯ ಕಣ್ಣುಗಳು ತೇಲುತ್ತವೆ, ಕಡಗೋಲು ಹಿಡಿಯಲೇಬೇಕಾಗುತ್ತದೆ.