ಕೀಬೋರ್ಡ್ ಪೆಟ್ಟಿಗೆ ಮೇಲಿನ ಇತಿಹಾಸ

ಕೀಬೋರ್ಡ್ ಕೊಳ್ಳಲು ಹೊರಟವರು ಎರಡು ಮೂರು ಮಾಡೆಲ್‌ಗಳನ್ನ ಅಕ್ಕಪಕ್ಕ ಇಟ್ಟು ತೂಗಿ ನೋಡ್ತಾರೆ. ಇದರಲ್ಲಿ 400 ಟೋನ್, ಅದರಲ್ಲಿ 600. ಇದರ ಪಾಲಿಫೋನಿ 32, ಅದರದ್ದು 48. ಫೋನ್ ಕೊಂಡು ಕೊಂಡು ರೂಢಿಯಾದ ನಾವು ದೊಡ್ಡ ಸಂಖ್ಯೆ ಇರೋದನ್ನೇ ಎತ್ತಿಕೊಂಡು ಬರ್ತೀವಿ. ಆದರೆ ಆ ಪಟ್ಟಿಯ ಒಂದೊಂದು ಸಾಲೂ ಒಂದು ಕಾಲದಲ್ಲಿ ಯಾರನ್ನೋ ಕಾಡಿದ ತೊಂದರೆಗೆ ಸಿಕ್ಕ ಉತ್ತರ. ಆ ತೊಂದರೆ ನಿಮಗೂ ಇದೆಯಾ ಅಂತ ಕೇಳಿಕೊಂಡರೆ ಆಯ್ಕೆ ಅರ್ಧ ಮುಗೀತು.

ಪಾಲಿಫೋನಿ ಅಂದರೆ ಒಟ್ಟಿಗೆ ಎಷ್ಟು ಸ್ವರ ನುಡಿಯುತ್ತೆ ಅನ್ನೋ ಲೆಕ್ಕ. 1970ರ ಮಿನಿಮೂಗ್ ಸಿಂಥಸೈಜರ್‌ನಲ್ಲಿ ಒಮ್ಮೆಗೆ ಒಂದೇ ಸ್ವರ. 1980ರಲ್ಲಿ ಕ್ಯಾಲ್ಕುಲೇಟರ್ ಮಾಡುತ್ತಿದ್ದ ಕ್ಯಾಸಿಯೊ ಕಂಪನಿ ತನ್ನ ಮೊದಲ ವಾದ್ಯ ಕ್ಯಾಸಿಯೊಟೋನ್ 201 ತಂದಾಗ ಅದು ಎಂಟಾಯ್ತು. 1983ರ ಯಮಾಹಾ ಡಿಎಕ್ಸ್7ರಲ್ಲಿ 16. ಆ ದಶಕದ ಹಾಡುಗಳೆಲ್ಲ ಅಷ್ಟರಲ್ಲೇ ಆದವು. ನಮಗಿರೋದು ಹತ್ತು ಬೆರಳು. ಪೆಡಲ್ ಒತ್ತಿದಾಗ ಉಳಿಯುವ ಸ್ವರಗಳು, ಹಿನ್ನೆಲೆ ತಾಳ ಎಲ್ಲ ಸೇರಿಸಿದರೂ ಕಲಿಯುವವರಿಗೆ 32 ಧಾರಾಳ. 48ಕ್ಕಾಗಿ ಹೆಚ್ಚು ದುಡ್ಡು ಕೊಡಬೇಕಿಲ್ಲ.

ಮಿಡಿ ಕಥೆ ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಹೊಟ್ಟೆಕಿಚ್ಚು ತರಿಸುವಂಥದ್ದು. ಒಂದು ಕಂಪನಿಯ ವಾದ್ಯ ಇನ್ನೊಂದರ ಜೊತೆ ಮಾತಾಡದ ಕಾಲದಲ್ಲಿ, ರೋಲಂಡ್‌ನ ಇಕುತಾರೊ ಕಾಕೆಹಾಶಿ ಮತ್ತು ಅಮೆರಿಕದ ಡೇವ್ ಸ್ಮಿತ್, ಪೈಪೋಟಿಯ ನಡುವೆಯೂ ಎಲ್ಲರನ್ನೂ ಒಂದು ಒಪ್ಪಂದಕ್ಕೆ ತಂದರು. 1983ರಲ್ಲಿ ಬಂದ ಆ ಪ್ರೋಟೊಕಾಲ್ ಇವತ್ತಿಗೂ ನಡೀತಿದೆ. ಕೇಬಲ್ ಮಾತ್ರ ಯುಎಸ್‌ಬಿ ಆಗಿದೆ. 1991ರಲ್ಲಿ ಬಂದ ಜನರಲ್ ಮಿಡಿ, ಯಾವ ನಂಬರಿಗೆ ಯಾವ ವಾದ್ಯ ಅನ್ನೋ 128ರ ಪಟ್ಟಿಯನ್ನೂ ಗೊತ್ತು ಮಾಡಿತು. ಇವತ್ತಿನ 600 ಟೋನ್‌ಗಳಲ್ಲಿ ಬಹಳಷ್ಟು ಇದೇ ಪಟ್ಟಿಯ ಅಣ್ಣತಮ್ಮಂದಿರು. ಲ್ಯಾಪ್‌ಟಾಪ್‌ಗೆ ಜೋಡಿಸಿ ರೆಕಾರ್ಡ್ ಮಾಡುವ ಆಸೆ ಇದ್ದರೆ ಟೋನ್ ಎಣಿಸೋ ಬದಲು ಯುಎಸ್‌ಬಿ ಮಿಡಿ ಇದೆಯಾ ನೋಡಿ.

ಪಟ್ಟಿಯಲ್ಲಿ ಎಲ್ಲೋ ಕೆಳಗೆ 'ಟಚ್ ರೆಸ್ಪಾನ್ಸ್' ಅಂತ ಇರುತ್ತೆ. ನನ್ನ ಪ್ರಕಾರ ಅದು ಮೊದಲ ಸಾಲಲ್ಲಿ ಇರಬೇಕಿತ್ತು. ಹಾರ್ಪ್ಸಿಕಾರ್ಡ್‌ನಲ್ಲಿ ಮೆತ್ತಗೆ ಒತ್ತಿದರೂ ಜೋರಾಗಿ ಒತ್ತಿದರೂ ಸದ್ದು ಹೆಚ್ಚುಕಡಿಮೆ ಒಂದೇ. ಇಟಲಿಯ ಕ್ರಿಸ್ಟೊಫೊರಿ 1700ರ ಸುಮಾರಿಗೆ ಪಿಯಾನೊ ಮಾಡಿದ್ದೇ ಆ ಕೊರತೆ ನೀಗಿಸಲು. ಪಿಯಾನೊ ಅನ್ನೋ ಹೆಸರು ಬಂದದ್ದೂ 'ಮೆಲ್ಲಗೆ, ಜೋರಾಗಿ' ಅನ್ನೋ ಅರ್ಥದ ಇಟಾಲಿಯನ್ ಮಾತುಗಳಿಂದ. ಟಚ್ ಇಲ್ಲದ ಅಗ್ಗದ ಕೀಬೋರ್ಡ್ ನಮ್ಮನ್ನ ಮುನ್ನೂರು ವರ್ಷ ಹಿಂದಕ್ಕೆ ಒಯ್ಯುತ್ತೆ. ಎರಡು ವರ್ಷ ಅದರಲ್ಲೇ ಕಲಿತ ಮಗುವಿನ ಬೆರಳಿಗೆ ಮೆಲುದನಿ ಅನ್ನೋದೊಂದು ಇದೆ ಅಂತಲೇ ಗೊತ್ತಾಗಲ್ಲ.

ಇನ್ನು ನಮ್ಮ ಸಂಗೀತದ ಮಾತು. ಕೀಗಳ ಬಗ್ಗೆ ಇಲ್ಲಿ ಹಳೇ ಜಗಳವೇ ಇದೆ. ಯೂರೋಪಿನಿಂದ ಬಂದ ಹಾರ್ಮೋನಿಯಂ ನಮ್ಮ ಕಂಪನಿ ನಾಟಕಗಳನ್ನ ಆಳಿತು. ಹಳ್ಳಿ ನಾಟಕ ಅಂದರೆ ಮೊದಲು ಗೊತ್ತು ಮಾಡ್ತಿದ್ದದ್ದೇ ಹಾರ್ಮೋನಿಯಂ ಮೇಷ್ಟ್ರನ್ನ. ಆದರೆ ಆಲ್ ಇಂಡಿಯಾ ರೇಡಿಯೊ 1940ರಲ್ಲಿ ಅದನ್ನ ನಿಷೇಧಿಸಿತು. ಎರಡು ಕೀಗಳ ನಡುವೆ ಜಾರುವ ಗಮಕ ಅದರಲ್ಲಿ ಬರಲ್ಲ ಅನ್ನೋದು ದೊಡ್ಡ ಆಕ್ಷೇಪ. ನಿಷೇಧ ಸಡಿಲವಾಗಲು ಮೂರು ದಶಕ ಬೇಕಾಯ್ತು.

ಆ ಆಕ್ಷೇಪಕ್ಕೆ ಎಲೆಕ್ಟ್ರಾನಿಕ್ಸ್ ಕೊಟ್ಟ ಉತ್ತರ ಪಿಚ್ ಬೆಂಡ್ ಚಕ್ರ. ಎಡಗೈಯಲ್ಲಿ ತಿರುಗಿಸಿದರೆ ಸ್ವರ ಬಾಗುತ್ತೆ. ಮಿನಿಮೂಗ್‌ನಿಂದ ಜನಪ್ರಿಯವಾದ ಇದನ್ನ ಬಳಸಿಯೇ ಚೆನ್ನೈನ ಕೆ. ಸತ್ಯನಾರಾಯಣನ್ ಕೀಬೋರ್ಡ್‌ನಲ್ಲಿ ಕರ್ನಾಟಕ ಸಂಗೀತದ ಕಛೇರಿ ನಡೆಸುತ್ತಾರೆ. ಆದರೆ ಕಡಿಮೆ ಬೆಲೆಯ ಹಲವು ಮಾಡೆಲ್‌ಗಳಲ್ಲಿ ಈ ಚಕ್ರ ಇರಲ್ಲ. ತಬಲಾ, ತಂಬೂರಿ ಸದ್ದು ತುಂಬಿ 'ಭಾರತಕ್ಕಾಗಿ' ಅಂತ ಮಾರುವ ಕೀಬೋರ್ಡ್ ಕೊಳ್ಳುವಾಗಲೂ ಇದನ್ನ ಕೇಳಿ ನೋಡಿ. ತಂಬೂರಿ ಸದ್ದು ಫೋನ್‌ನಲ್ಲೂ ಬರುತ್ತೆ, ಗಮಕ ಬರಲ್ಲ.

ಹಾಗಂತ ಫೀಚರ್ ಇಲ್ಲದ್ದೆಲ್ಲ ಕಸ ಅಂತ ಅಲ್ಲ. 1981ರ ಕ್ಯಾಸಿಯೊ ಎಂಟಿ-40ರಲ್ಲಿ ಇದ್ದದ್ದು 37 ಪುಟ್ಟ ಕೀ, ಬೇಸ್‌ಗೆ ಇನ್ನೊಂದು 15. ಟಚ್ ಇಲ್ಲ, ಮಿಡಿ ಆಗಿನ್ನೂ ಹುಟ್ಟೇ ಇಲ್ಲ. ಅದಕ್ಕೆ 'ರಾಕ್' ಅನ್ನೋ ಲಯ ಕೂರಿಸಿದ್ದು ಆಗಷ್ಟೇ ಕೆಲಸಕ್ಕೆ ಸೇರಿದ್ದ ಹಿರೊಕೊ ಒಕುಡಾ ಎಂಬ ಯುವತಿ. ರೆಗ್ಗೆ ಸಂಗೀತ ಅಂದರೆ ಆಕೆಗೆ ಪ್ರಾಣ. ಆ ಲಯ ಜಮೈಕಾ ತಲುಪಿ, 1985ರಲ್ಲಿ ವೇಯ್ನ್ ಸ್ಮಿತ್ ಹಾಡಿದ 'ಅಂಡರ್ ಮಿ ಸ್ಲೆಂಗ್ ಟೆಂಗ್' ಆಯ್ತು. ನಿರ್ಮಾಪಕ ಕಿಂಗ್ ಜಾಮಿ. ರೆಗ್ಗೆಯ ದಾರಿಯೇ ಬದಲಾಯ್ತು. ಆ ಹುಡುಗರಿಗೆ ಬೇಕಿದ್ದದ್ದು ಒಂದೇ ಒಂದು ಲಯ, ಅದು ಆ ಪೆಟ್ಟಿಗೆಯಲ್ಲಿತ್ತು.

ಹಾಗಾಗಿ ನಿಮಗೆ ಬೇಕಾದ್ದು ಯಾವುದು ಅಂತ ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಹೋಗಿ. ಅಂಗಡಿಯಲ್ಲಿ ಡೆಮೊ ಹಾಡಿನ ಬಟನ್ ಒತ್ತಬೇಡಿ, ಅದು ಎಲ್ಲದರಲ್ಲೂ ಚೆನ್ನಾಗೇ ಕೇಳುತ್ತೆ. ಒಂದೇ ಕೀಯನ್ನ ಮೆತ್ತಗೆ ಒತ್ತಿ, ಆಮೇಲೆ ಜೋರಾಗಿ ಒತ್ತಿ. ಮಗು ಕರ್ನಾಟಕ ಸಂಗೀತ ಕಲಿಯೋದಾದರೆ ಚಕ್ರ ತಿರುಗಿಸಿ ನೋಡಿ. ಪಿಯಾನೊ ಕಲಿಯೋದಾದರೆ ಕೀಗಳು ಪೂರ್ಣ ಅಳತೆಯವಾ ನೋಡಿ. ಟೋನ್ 400 ಇದ್ದರೂ ಸರಿ, 600 ಇದ್ದರೂ ಸರಿ.