ನೀರು ತಡೆಯುವ ಹಾಳೆ ರೇಡಾನ್ ತಡೆದೀತೇ?

ನೆಲದ ತೇವವನ್ನು ತಡೆಯಲು ಕಟ್ಟಡದ ಅಡಿಯಲ್ಲಿ ಹಾಸುವ ಪ್ಲಾಸ್ಟಿಕ್ ಅಥವಾ ಡಾಂಬರು ಹಾಳೆ ನೀರಿಗೆ ಅಭೇದ್ಯವಾಗಿರಬಹುದು. ರೇಡಾನ್ ಅನಿಲಕ್ಕೂ ಅದು ಹಾಗೆಯೇ ಇರುತ್ತದೆ ಎನ್ನಲಾಗದು. ಮಣ್ಣಿನ ಯುರೇನಿಯಂ ಕ್ಷಯಿಸಿ ರೇಡಿಯಂ ಆಗುತ್ತದೆ, ರೇಡಿಯಂನಿಂದ ರೇಡಾನ್ ಹುಟ್ಟುತ್ತದೆ. ಬಣ್ಣ, ವಾಸನೆಗಳಿಲ್ಲದ ಈ ವಿಕಿರಣಶೀಲ ಅನಿಲವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1988ರಲ್ಲಿ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ಮನೆಯೊಳಗಿನ ಗಾಳಿಯಲ್ಲಿ ಇದರ ಮಟ್ಟ ಪ್ರತಿ ಘನ ಮೀಟರಿಗೆ 100 ಬೆಕೆರೆಲ್‌ಗಿಂತ ಕಡಿಮೆ ಇರಬೇಕು, ಅದು ಸಾಧ್ಯವಾಗದಿದ್ದರೂ 300 ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2009ರ ಸಲಹೆ. ಮಣ್ಣಿನೊಳಗಿನ ಗಾಳಿಯಲ್ಲಾದರೋ ಇದು ಸಾವಿರಗಳ ಲೆಕ್ಕದಲ್ಲಿರುತ್ತದೆ.

ಈ ಪರೀಕ್ಷೆಗೆ ಜೆಕ್ ಗಣರಾಜ್ಯ ವಿಶೇಷ ಗಮನ ಕೊಟ್ಟಿರುವುದು ಆಶ್ಚರ್ಯವಲ್ಲ. ಕ್ಯೂರಿ ದಂಪತಿ 1898ರಲ್ಲಿ ರೇಡಿಯಂ ಕಂಡುಹಿಡಿದದ್ದು ಅಲ್ಲಿನ ಯಾಖಿಮೊವ್ ಗಣಿಯ ಅದಿರಿನಿಂದ. ಪ್ರಾಗ್‌ನ ಜೆಕ್ ತಾಂತ್ರಿಕ ವಿಶ್ವವಿದ್ಯಾಲಯದ ಸಿವಿಲ್ ಎಂಜಿನಿಯರಿಂಗ್ ವಿಭಾಗವು ಬಹುಸಂಖ್ಯೆಯ ಹಾಳೆಗಳನ್ನು ಪರೀಕ್ಷಿಸಿದೆ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 2017ರಲ್ಲಿ ಇದಕ್ಕೆ ಸಾಮಾನ್ಯ ವಿಧಾನವೊಂದನ್ನು ಪ್ರಕಟಿಸಿತು.

ವಿಧಾನದ ತಿರುಳು ಸರಳ. ಎರಡು ಲೋಹದ ಕೋಣೆಗಳ ನಡುವೆ ಹಾಳೆಯ ತುಂಡನ್ನು ಬಿಗಿದು, ಅಂಚುಗಳನ್ನು ಗಾಳಿಯಾಡದಂತೆ ಮುಚ್ಚಲಾಗುತ್ತದೆ. ಒಂದು ಕೋಣೆಯಲ್ಲಿ ಮಣ್ಣಿನಲ್ಲಿರುವುದಕ್ಕಿಂತಲೂ ಬಹಳ ಹೆಚ್ಚು ರೇಡಾನ್ ತುಂಬಿ, ಇನ್ನೊಂದರಲ್ಲಿ ಅದು ಏರುವ ವೇಗವನ್ನು ಉಪಕರಣದಿಂದ ದಾಖಲಿಸುತ್ತಾರೆ. ಈ ಏರಿಕೆ, ಹಾಳೆಯ ದಪ್ಪ ಮತ್ತು ವಿಸ್ತೀರ್ಣಗಳಿಂದ ಅನಿಲ ಎಷ್ಟು ಸುಲಭವಾಗಿ ನುಸುಳುತ್ತದೆಂಬುದನ್ನು ತಿಳಿಸುವ ವಿಸರಣಾಂಕ ದೊರೆಯುತ್ತದೆ. ಇಲ್ಲಿ ಆತುರ ಸಲ್ಲದು. ಹಾಳೆಯೊಳಗೆ ರೇಡಾನ್ ಸ್ಥಿರ ಸ್ಥಿತಿಗೆ ಬರುವ ಮುನ್ನವೇ ಲೆಕ್ಕ ಹಾಕಿದರೆ ಹಾಳೆ ಇರುವುದಕ್ಕಿಂತ ಉತ್ತಮವೆಂದು ತೋರುತ್ತದೆ. ಅಂಚು ಸೋರಿದರೆ ಇದಕ್ಕೆ ವ್ಯತಿರಿಕ್ತ.

ರೇಡಾನ್‌ನ ಅರ್ಧಾಯುಷ್ಯ 3.82 ದಿನ. ನಿಧಾನವಾಗಿ ನುಸುಳುವ ಅನಿಲ ಹಾಳೆ ದಾಟುವ ಮೊದಲೇ ಕ್ಷಯಿಸಿಬಿಡುತ್ತದೆ. ಹೀಗೆ ಕ್ಷಯಿಸುವ ಮುನ್ನ ಅದು ಸಾಗುವ ಸರಾಸರಿ ದೂರಕ್ಕೆ ವಿಸರಣ ದೂರವೆಂದು ಹೆಸರು. ಹಾಳೆಯ ದಪ್ಪ ಈ ದೂರದ ಮೂರು ಪಟ್ಟು ಇದ್ದರೆ ರೇಡಾನ್ ನಿರೋಧಕವೆನ್ನುವ ಅಳತೆಗೋಲು ಜರ್ಮನಿಯಲ್ಲಿ ಬಳಕೆಗೆ ಬಂತು. ವಿಸರಣಾಂಕವು ಸೆಕೆಂಡಿಗೆ ಒಂದು ಚದರ ಮೀಟರಿನ ಹತ್ತು ಸಾವಿರ ಕೋಟಿಯಲ್ಲಿ ಒಂದು ಪಾಲು ಇದ್ದರೆ ಈ ದೂರ ಸುಮಾರು 2.2 ಮಿಲಿಮೀಟರ್, ಅಂಥ 4 ಮಿಲಿಮೀಟರ್ ದಪ್ಪದ ಹಾಳೆ ಪರೀಕ್ಷೆಯಲ್ಲಿ ಸೋಲುತ್ತದೆ. ವಿಸರಣಾಂಕ ಇದರ ಹತ್ತನೇ ಒಂದರಷ್ಟಿದ್ದರೆ ದೂರ 0.7 ಮಿಲಿಮೀಟರ್‌ಗೆ ಇಳಿದು, ಅದೇ ದಪ್ಪದ ಹಾಳೆ ನಿರಾಯಾಸವಾಗಿ ಗೆಲ್ಲುತ್ತದೆ.

ಅಲ್ಯೂಮಿನಿಯಂ ತಗಡು ಸೇರಿಸಿದ ಹಾಳೆಗಳ ಅಂಕ ಇನ್ನೂ ಉತ್ತಮ. ಆದರೆ ಆ ತಗಡು ಹಿಗ್ಗುವುದಿಲ್ಲ, ತಳಪಾಯ ಸ್ವಲ್ಪ ಕುಸಿದರೂ ಹರಿಯಬಹುದು. ಹಾಳೆಗಳನ್ನು ಒಂದಕ್ಕೊಂದು ಬೆಸೆದ ಜಾಗ ಮತ್ತೊಂದು ದುರ್ಬಲ ಸ್ಥಳ. ಆದ್ದರಿಂದ ಬೆಸುಗೆಯಿರುವ ತುಂಡನ್ನೂ ಪ್ರತ್ಯೇಕವಾಗಿ ಪರೀಕ್ಷಿಸುವುದುಂಟು. ಕೊಳವೆ ಹಾದುಹೋಗುವಲ್ಲಿ ಸಂದು ಉಳಿದರಂತೂ ಮಣ್ಣಿನ ಗಾಳಿ ನೇರವಾಗಿ ಒಳಕ್ಕೆ ಹರಿಯುತ್ತದೆ. ಅದು ವಿಸರಣೆಯಲ್ಲ, ಪ್ರಯೋಗಶಾಲೆಯ ಅಂಕಕ್ಕೆ ಸಿಗುವುದೂ ಇಲ್ಲ. ಮನೆ ಕಟ್ಟಿ ಮುಗಿದ ಮೇಲೆ ಕೋಣೆಯ ಗಾಳಿಯನ್ನೇ ಅಳೆದು ನೋಡಬೇಕಾಗುವುದು ಈ ಕಾರಣದಿಂದ.