ಏಳು ಮನೆತನಗಳ ಉಬ್ಬಸ

ದಕ್ಷಿಣ ಅಟ್ಲಾಂಟಿಕ್ ಮಹಾಸಾಗರದ ನಡುವೆ, ಅತ್ಯಂತ ಸಮೀಪದ ಜನವಸತಿಯೆನಿಸಿದ ಸೇಂಟ್ ಹೆಲೀನಾದಿಂದಲೂ ಸುಮಾರು 2,400 ಕಿಲೋಮೀಟರು ದೂರದಲ್ಲಿ, ಕಡಲಿನಿಂದ ನೆಟ್ಟಗೆ ಎದ್ದು ನಿಂತ ಜ್ವಾಲಾಮುಖಿಯೊಂದರ ಪಾದದಲ್ಲಿ ಸುಮಾರು ಇನ್ನೂರೈವತ್ತು ಜನರ ಒಂದೇ ಒಂದು ಊರಿದೆ. 1506ರಲ್ಲಿ ಈ ದ್ವೀಪವನ್ನು ಕಂಡು, ಇಳಿಯಲಾರದೆ ಮುಂದೆ ಸಾಗಿದ ಪೋರ್ಚುಗೀಸ್ ನಾವಿಕನ ಹೆಸರೇ ಅದಕ್ಕೆ ನಿಂತಿತು: ಟ್ರಿಸ್ಟನ್ ಡ ಕುನ್ಯಾ. ವಿಮಾನವಿಳಿಯುವ ತಾಣ ಇಂದಿಗೂ ಅಲ್ಲಿಲ್ಲ. ಕೇಪ್‌ಟೌನಿನಿಂದ ಹಡಗೇರಿದವನು ವಾರದ ಮೇಲೆ ಅಲ್ಲಿ ಮುಟ್ಟಿದರೆ, ಮುಟ್ಟಿದ ಮೇಲೂ ಅಲೆಗಳ ಅನುಮತಿ ದೊರೆತರೆ, ನೆಲದ ಮೇಲೆ ಕಾಲಿಡಬಹುದು. ಇಂಥ ಮೂಲೆಯ ಊರು ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಸ್ಥಾನ ಪಡೆದುದು ತನ್ನ ಕಡಲಿನಿಂದಲ್ಲ, ತನ್ನವರ ಉಸಿರಾಟದ ಕಷ್ಟದಿಂದ.

ಸೇಂಟ್ ಹೆಲೀನಾದಲ್ಲಿ ಸೆರೆಯಿದ್ದ ನೆಪೋಲಿಯನ್ನನನ್ನು ಬಿಡಿಸಿಕೊಂಡು ಹೋಗಲು ಯಾರಾದರೂ ಈ ದ್ವೀಪವನ್ನು ನೆಲೆಯಾಗಿಸಿಕೊಂಡಾರೆಂಬ ಶಂಕೆಯಿಂದ ಬ್ರಿಟಿಷರು 1816ರಲ್ಲಿ ಅಲ್ಲಿ ಒಂದು ಸಣ್ಣ ಕಾವಲು ಪಡೆಯನ್ನಿರಿಸಿದರು. ಶಂಕೆ ವ್ಯರ್ಥವೆಂದು ತಿಳಿದುಬರಲು ಹೆಚ್ಚು ಕಾಲ ಬೇಕಾಗಲಿಲ್ಲ. ಮರುವರ್ಷವೇ ಪಡೆಯನ್ನು ಹಿಂದಕ್ಕೆ ಕರೆಯಲಾಯಿತು. ಆದರೆ ಸ್ಕಾಟ್‌ಲೆಂಡಿನ ಕೆಲ್ಸೋದವನಾದ ವಿಲಿಯಂ ಗ್ಲಾಸ್ ಎಂಬ ಕಾರ್ಪೊರಲ್ಲನು ಹೆಂಡತಿ ಮಕ್ಕಳೊಡನೆ ಅಲ್ಲಿಯೇ ಉಳಿಯಲು ಅಪ್ಪಣೆ ಬೇಡಿದನು. ಇಬ್ಬರು ಕಲ್ಲುಕುಟಿಗರು ಅವನ ಜೊತೆಗೂಡಿದರು. ಅದೇ ವರ್ಷ ನವೆಂಬರಿನಲ್ಲಿ ಅವರು ಮಾಡಿಕೊಂಡ ಒಪ್ಪಂದಪತ್ರ ಇಂದಿಗೂ ಉಳಿದಿದೆ: ದನಕರು, ದಾಸ್ತಾನು, ಲಾಭ ಎಲ್ಲವೂ ಸಮಪಾಲು, ಸೌಹಾರ್ದ ಕೆಡದಿರುವಂತೆ ಯಾರೊಬ್ಬರೂ ಇನ್ನೊಬ್ಬರ ಮೇಲೆ ಹಿರಿತನ ಸಾಧಿಸತಕ್ಕದ್ದಲ್ಲ. ರಾಜ್ಯಶಾಸ್ತ್ರದ ದೊಡ್ಡ ಗ್ರಂಥಗಳು ಹೇಳಲು ಹೆಣಗಿದ್ದನ್ನು ಈ ಮೂವರು ಒಂದು ಹಾಳೆಯಲ್ಲಿ ಮುಗಿಸಿದರು.

ಸಮಾನತೆ ಬಂದಿತು, ಸಂಸಾರಗಳು ಮಾತ್ರ ಬರಲಿಲ್ಲ. ಕಾಲಕ್ರಮದಲ್ಲಿ ಸೇರಿಕೊಂಡ ನಾವಿಕರಲ್ಲಿ ಅವಿವಾಹಿತರೇ ಹೆಚ್ಚು. ಕೊನೆಗೆ ಅವರ ಬೇಡಿಕೆಯಂತೆ 1827ರಲ್ಲಿ ಒಬ್ಬ ಹಡಗಿನ ಕಪ್ತಾನನು ಸೇಂಟ್ ಹೆಲೀನಾದಿಂದ ಐವರು ಹೆಂಗಸರನ್ನು ಕರೆತಂದನು. ದಡಕ್ಕೆ ಮೊದಲು ಕಾಲಿಡುವವಳನ್ನೇ ವರಿಸುವೆನೆಂದು ಆ ಅವಿವಾಹಿತರಲ್ಲೊಬ್ಬನಾದ ಥಾಮಸ್ ಸ್ವೇನನು ಶಪಥ ಮಾಡಿದ್ದನೆಂಬ ಕಥೆ ದ್ವೀಪದಲ್ಲಿ ಉಳಿದಿದೆ. ನಿಜವೋ ವಿನೋದವೋ, ಆ ಮನೆತನದ ಹೆಸರಂತೂ ಇಂದಿಗೂ ಇದೆ. ಮುಂದೆ ಹಡಗೊಡೆದು ಬಂದ ಡಚ್ಚನೊಬ್ಬ, ತಿಮಿಂಗಿಲ ಬೇಟೆಯ ಅಮೆರಿಕನ್ನರು, 1892ರಲ್ಲಿ ಬಂಡೆಗೆ ಬಡಿದ ಹಡಗಿನಿಂದ ಉಳಿದುಕೊಂಡ ಇಬ್ಬರು ಇಟಾಲಿಯನ್ನರು ಸೇರಿ ಗ್ಲಾಸ್, ಸ್ವೇನ್, ಗ್ರೀನ್, ರೋಜರ್ಸ್, ಹೇಗನ್, ರೆಪೆಟ್ಟೊ, ಲವರೆಲ್ಲೊ ಎಂಬ ಏಳು ಮನೆತನಗಳಾದವು. ಕೊಡುವ ಮನೆಯೂ ತರುವ ಮನೆಯೂ ಇದರೊಳಗೇ; ನಾಲ್ಕೈದು ತಲೆಮಾರುಗಳು ಕಳೆಯುವಷ್ಟರಲ್ಲಿ ಎಲ್ಲರೂ ಎಲ್ಲರಿಗೂ ಒಂದಲ್ಲ ಒಂದು ದಾರಿಯಿಂದ ನೆಂಟರಾಗಿದ್ದರು. ಸುಮಾರು ಹದಿನೈದು ಮಂದಿ ಮೂಲಪುರುಷರು ಮತ್ತು ಮೂಲಸ್ತ್ರೀಯರ ರಕ್ತವೇ ಇಡೀ ಊರಿನಲ್ಲಿ ಹರಿಯುತ್ತಿತ್ತು. ಆ ಕೆಲವರಲ್ಲಿ ಕೆಲವರು ಗೂರಲಿನವರಾಗಿದ್ದರು.

ಹೊರಲೋಕ ಇದನ್ನು ಅರಿತುದು ಒಂದು ವಿಪತ್ತಿನಿಂದ. 1961ರ ಅಕ್ಟೋಬರ್ 10ರಂದು ಊರಿನ ಪಕ್ಕದಲ್ಲಿಯೇ ಭೂಮಿ ಬಾಯ್ದೆರೆಯಿತು. ಜನರೆಲ್ಲರೂ ದೋಣಿಗಳಲ್ಲಿ ಹೊರಟು, ಕೊನೆಗೆ ಇಂಗ್ಲೆಂಡಿನ ಸೌತಾಂಪ್ಟನ್ ಬಳಿಯ ಹಳೆಯ ಸೈನಿಕ ನಿವಾಸಗಳಲ್ಲಿ ತಂಗಿದರು. ಅಲ್ಲಿ ಅವರನ್ನು ಪರೀಕ್ಷಿಸಿದ ವೈದ್ಯರು, ಇಷ್ಟು ಚಿಕ್ಕ ಸಮುದಾಯದಲ್ಲಿ ಇಷ್ಟೊಂದು ಉಬ್ಬಸವನ್ನು ಕಂಡು ಬೆರಗಾದರು. ದ್ವೀಪಕ್ಕೆ ಮರಳಬೇಕೇ ಎಂಬ ಪ್ರಶ್ನೆಗೆ 148 ಮತಗಳು ಹೌದೆಂದವು, ಐದು ಮಾತ್ರ ಬೇಡವೆಂದವು. ನಗರದ ಸೌಕರ್ಯಗಳನ್ನು ಕಣ್ಣಾರೆ ಕಂಡ ಮೇಲೂ ಅವರು 1963ರಲ್ಲಿ ತಮ್ಮ ಆಲೂಗೆಡ್ಡೆಯ ಹೊಲಗಳಿಗೇ ಹಿಂದಿರುಗಿದರು.

1993ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ನೋಯೆ ಜಮೆಲ್ ತಮ್ಮ ತಂಡದೊಡನೆ ಅಲ್ಲಿಗೆ ಹೋದರು. ಅವರ ಕಾರ್ಯವಿಧಾನ ಸರಳವಾಗಿತ್ತು: ಇಡೀ ಊರನ್ನು ಉಸಿರು ಅಳೆಯುವ ಯಂತ್ರದೆದುರು ಕೂರಿಸಿ, ಜೋರಾಗಿ ಊದಿಸಿ, ಮೆಥಕೋಲಿನ್ ಎಂಬ ದ್ರವದ ತುಂತುರನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತ ಒಳಗೆಳೆಸಿ, ಶ್ವಾಸನಾಳಗಳು ಎಷ್ಟರಲ್ಲಿ ಮುದುಡಿಕೊಳ್ಳುವುವೆಂದು ನೋಡುವುದು, ಒಂದಿಷ್ಟು ರಕ್ತವನ್ನೂ ತೆಗೆದಿಡುವುದು. ಪರೀಕ್ಷೆಗೆ ಬಂದ 282 ಜನರಲ್ಲಿ ಶೇಕಡಾ 57ರಷ್ಟು ಮಂದಿಯಲ್ಲಿ ಆಸ್ತಮಾದ ಪೂರ್ಣ ಅಥವಾ ಭಾಗಶಃ ಲಕ್ಷಣ ಕಂಡುಬಂದಿತು.

ಆ ಮುದುಡುವಿಕೆಯ ಹಿಂದೆ ನಡೆಯುವ ವ್ಯಾಪಾರ ಅದಾಗಲೇ ಬಹುಮಟ್ಟಿಗೆ ತಿಳಿದಿತ್ತು. ಇಯೊಸಿನ್ ಎಂಬ ಬಣ್ಣವನ್ನು ಆಸೆಯಿಂದ ಹೀರಿಕೊಳ್ಳುವ ರಕ್ತಕಣವೊಂದನ್ನು ಪಾಲ್ ಎರ್ಲಿಕ್ 1879ರಲ್ಲಿ ವರ್ಣಿಸಿದ್ದನು, ಅದೇ ಇಯೊಸಿನೊಫಿಲ್. 1921ರಲ್ಲಿ ಪ್ರೌಸ್ನಿಟ್ಸ್ ಎಂಬ ವೈದ್ಯನು, ಬೇಯಿಸಿದ ಮೀನು ಒಗ್ಗದ ತನ್ನ ಸಹೋದ್ಯೋಗಿ ಕ್ಯೂಸ್ಟ್‌ನರನ ರಕ್ತದ್ರವವನ್ನು ತನ್ನ ಚರ್ಮಕ್ಕೆ ಚುಚ್ಚಿಕೊಂಡು, ಮರುದಿನ ಅದೇ ಜಾಗಕ್ಕೆ ಮೀನಿನ ಸಾರವನ್ನು ಚುಚ್ಚಿಕೊಂಡಾಗ, ತನ್ನದಲ್ಲದ ಒಗ್ಗದಿಕೆ ತನ್ನ ಮೈಮೇಲೆ ಉಬ್ಬಿ ಕೆಂಪಾದುದನ್ನು ಕಂಡನು. ರಕ್ತದಲ್ಲಿದ್ದ ಆ ಅಜ್ಞಾತ ದ್ರವ್ಯವೇ ಐಜಿಇ ಎಂದು ಇಷಿಜಾಕ ದಂಪತಿಗಳು ಅಮೆರಿಕದಲ್ಲಿಯೂ, ಯೊಹಾನ್ಸನ್ ಮತ್ತು ಬೆನ್ನಿಚ್ ಸ್ವೀಡನ್ನಿನಲ್ಲಿಯೂ 1960ರ ದಶಕದಲ್ಲಿ ಬೇರೆಬೇರೆಯಾಗಿ ಕಂಡುಹಿಡಿದರು. ಧೂಳು ಸೋಕಿದೊಡನೆ, ಐಜಿಇಯನ್ನು ಮೈಮೇಲೆ ಹೊತ್ತ ಮಾಸ್ಟ್ ಕೋಶಗಳು ಹಿಸ್ಟಮಿನ್ ಮುಂತಾದುವನ್ನು ಉಗುಳುತ್ತವೆ. ಬೆನ್ನಲ್ಲೇ ಟಿ-ಕೋಶಗಳ ಸಂದೇಶಕ್ಕೆ ಓಗೊಟ್ಟು ಇಯೊಸಿನೊಫಿಲ್‌ಗಳು ಬಂದು ನಾಳದ ಒಳಪೊರೆಯನ್ನು ಕೆಡಿಸುತ್ತವೆ. ಪರೋಪಜೀವಿ ಹುಳುಗಳ ವಿರುದ್ಧ ಹೋರಾಡಬಲ್ಲ ಸೈನ್ಯವೊಂದು ಧೂಳಿನ ಕಣದ ಮೇಲೆ ಯುದ್ಧ ಹೂಡುವ ಪ್ರಸಂಗವಿದು.

ಈ ದುಡುಕಿನ ಸ್ವಭಾವ ಮನೆತನಗಳಲ್ಲಿ ಇಳಿದು ಬರುವುದೆಂಬುದು ಹಿಂದಿನಿಂದಲೂ ತಿಳಿದದ್ದೇ. ಎಲ್ಲಿಂದ ಇಳಿಯುವುದೆಂಬುದಷ್ಟೇ ಪ್ರಶ್ನೆ. ದ್ವೀಪದ ರಕ್ತ ಕ್ಯಾಲಿಫೋರ್ನಿಯದ ಒಂದು ವಾಣಿಜ್ಯ ಸಂಸ್ಥೆಯ ಪ್ರಯೋಗಶಾಲೆ ಸೇರಿತು. ಹನ್ನೊಂದನೆಯ ವರ್ಣತಂತುವಿನಲ್ಲಿ ಆಸ್ತಮಾಕ್ಕೆ ಸಂಬಂಧಿಸಿದ ವಂಶವಾಹಿ ಸಿಕ್ಕಿತೆಂದು 1997ರಲ್ಲಿ ಪ್ರಕಟಣೆ ಹೊರಟಿತು. ಕೆಲವರು ಹರ್ಷಿಸಿದರು, ಬಡ ಸಮುದಾಯದ ರಕ್ತದ ಮೇಲೆ ಪೇಟೆಂಟ್ ಹಿಡಿಯುವ ಹಕ್ಕು ಯಾರಿಗಿದೆಯೆಂದು ಕೆಲವರು ಕೇಳಿದರು, ಕೇಳಿದ್ದು ಸರಿಯೆಂದೇ ನನ್ನ ಮತ. ತರುವಾಯ ಯುರೋಪಿನ ದೊಡ್ಡ ಜನಸಮೂಹಗಳನ್ನು ಶೋಧಿಸಿದವರಿಗೆ 2007ರಲ್ಲಿ ಬಲವಾದ ಸುಳಿವು ದೊರೆತುದು ಹದಿನೇಳನೆಯ ವರ್ಣತಂತುವಿನಲ್ಲಿ. ಅಲ್ಲಿಂದೀಚೆಗೆ ಹತ್ತಾರು ಜಾಗಗಳು ಸೇರಿ, ಒಂದೇ ಅಪರಾಧಿಯನ್ನು ಹಿಡಿಯುವ ಆಸೆ ಕರಗಿತು. ಔಷಧಗಳು ಬಂದದ್ದೂ ಕೋಶಗಳ ದಾರಿಯಿಂದಲೇ: ಐಜಿಇಯನ್ನು ಕಟ್ಟಿಹಾಕುವ ಚುಚ್ಚುಮದ್ದಿಗೆ ಅಮೆರಿಕದಲ್ಲಿ 2003ರಲ್ಲಿಯೂ, ಇಯೊಸಿನೊಫಿಲ್‌ಗಳನ್ನು ಪೋಷಿಸುವ ಇಂಟರ್‌ಲ್ಯೂಕಿನ್-5ನ್ನು ತಡೆಯುವ ಮತ್ತೊಂದಕ್ಕೆ 2015ರಲ್ಲಿಯೂ ಅನುಮತಿ ದೊರೆಯಿತು.